ಹಳೆ ಸಾಮಾನಿನ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೂಡಿಗೆರೆ ತಾಲೂಕಿನಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟ. ತೋಟದ ಅಂಚಿನಲ್ಲಿ ನಾವು ಕಟ್ಟಿಕೊಂಡ ಮನೆಯ ಬಾಗಿಲು, ಕಿಟಕಿ, ಕಂಬ, ತೊಲೆ, ಹಂಚು, ನೆಲದ ಕಲ್ಲು, ಎಲ್ಲವೂ ಬೇರೆ ಬೇರೆ ಮನೆಗಳಿಂದ ಬಂದವು. ನಾನು, ನಮ್ಮ ಯಜಮಾನರು, ಮರಗೆಲಸದ ಒಬ್ಬ ಆಚಾರ್ರು, ಒಬ್ಬ ಗಾರೆ ಮೇಸ್ತ್ರಿ, ಕೆಲವು ಆಳುಗಳು, ಇಷ್ಟೇ ಜನ. ಕಾಫಿ ಕೊಯ್ಲು ಮುಗಿದ ಮೇಲೆ ಶುರು, ಮಳೆ ಹಿಡಿಯುವ ಹೊತ್ತಿಗೆ ನಿಲ್ಲಿಸುವುದು. ಹೀಗೆ ಮೂರು ಬೇಸಿಗೆ ಹಿಡಿಯಿತು. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ಇದರಲ್ಲಿ ಹೊಸದು ಏನೂ ಇಲ್ವಾ?

ಇದೆ. ಪಾಯದ ಮೇಲಿನ ಕಾಂಕ್ರೀಟ್ ಪಟ್ಟಿ, ಕರೆಂಟಿನ ವೈರು, ನೀರಿನ ಪೈಪು, ಮಾಡಿನ (ಛಾವಣಿಯ) ಬೋಲ್ಟು, ಹಂಚು ಕೂರುವ ರೀಪಿನ ಪಟ್ಟಿಗಳಲ್ಲಿ ಅರ್ಧದಷ್ಟು ಹೊಸವು. ಗೋಡೆಯ ಮಣ್ಣು ನಮ್ಮ ಜಾಗದ್ದೇ. ಉಳಿದದ್ದೆಲ್ಲ ಒಮ್ಮೆ ಬೇರೆಯವರ ಮನೆಯಾಗಿ ಬಾಳಿದ ಸಾಮಾನು.

ಹೀಗೆ ಕಟ್ಟಬೇಕು ಅಂತ ಯಾಕೆ ಅನಿಸಿತು?

ನಮ್ಮ ನೆಂಟರ ಹಳೆ ತೊಟ್ಟಿ ಮನೆಯನ್ನು ಕೆಡವುತ್ತಿದ್ದರು. ಅಣ್ಣ ತಮ್ಮಂದಿರು ಪಾಲಾಗಿದ್ದರು. ಅಷ್ಟು ದೊಡ್ಡ ಮನೆ ಯಾರಿಗೂ ಬೇಡವಾಗಿತ್ತು. ನಾನು ಹೋಗುವ ಹೊತ್ತಿಗೆ ಜೆಸಿಬಿ ಒಂದು ಬದಿಯನ್ನು ನೆಲಕ್ಕೆ ಹಾಕಿತ್ತು. ಅಂಗಳದಲ್ಲಿ ಹಲಸಿನ ಮರದ ಬಾಗಿಲೊಂದು ಬಿದ್ದಿತ್ತು. ದಪ್ಪ ಹಲಗೆ, ಕೈಯಲ್ಲಿ ಬಡಿದ ಕಬ್ಬಿಣದ ಚಿಲಕ. ಹೊಸ್ತಿಲು ನಡುವೆ ಸವೆದು ಹಳ್ಳವಾಗಿತ್ತು. ನಾಲ್ಕು ತಲೆಮಾರು ದಾಟಿದ ಹೊಸ್ತಿಲು ಅದು. ಸೌದೆಗೆ ಹಾಕುತ್ತೇವೆ ಅಂದರು. ನನಗೆ ತಡೆಯಲಿಲ್ಲ. ಪಿಕಪ್ ಕರೆಸಿ ಮನೆಗೆ ತಂದೆವು. ಎರಡು ವರ್ಷ ಅದು ನಮ್ಮ ಗೋದಾಮಿನಲ್ಲಿ ಗೋಡೆಗೆ ಒರಗಿ ನಿಂತಿತ್ತು. ಬಾಗಿಲು ಮೊದಲು ಬಂತು, ಮನೆ ಆಮೇಲೆ ಬಂತು.

ನಕ್ಷೆ ಯಾರು ಬರೆದರು?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡಬೇಕು. ಹಳೆ ಸಾಮಾನಿನಲ್ಲಿ ಕಟ್ಟುವವರು ಜಾಸ್ತಿ ತಪ್ಪುವುದು ಇಲ್ಲೇ.

ಸಾಮಾನ್ಯವಾಗಿ ಮೊದಲು ನಕ್ಷೆ, ಆಮೇಲೆ ಸಾಮಾನು, ಅಲ್ವಾ? ಇಲ್ಲಿ ತಿರುಗಾಮುರುಗಾ. ನಾವೂ ಮೊದಲು ಒಂದು ನಕ್ಷೆ ಮಾಡಿಸಿದ್ದೆವು. ಅದರಲ್ಲಿ ಬಾಗಿಲು ಏಳಡಿ ಎತ್ತರ. ನಮ್ಮ ಬಾಗಿಲು ಐದೂವರೆ ಅಡಿಯೂ ಇರಲಿಲ್ಲ. ಹಳೆ ಮನೆಗಳಲ್ಲಿ ತಲೆ ಬಗ್ಗಿಸಿಯೇ ಒಳಗೆ ಹೋಗುತ್ತಿದ್ದರು. ಬಾಗಿಲಿಗೆ ಮೇಲೆ ತುಂಡು ಸೇರಿಸಿ ಎತ್ತರ ಮಾಡೋಣವಾ ಅಂತ ಆಚಾರ್ರನ್ನು ಕೇಳಿದೆ. ಅವರು ಅಳತೆ ಕೋಲು ಕೆಳಗಿಟ್ಟು, "ನೋಡಮ್ಮಾ, ಇದನ್ನ ಕುಯ್ಯೋದಾದ್ರೆ ಹೊಸದೇ ಮಾಡಿಸ್ಕೊಳ್ಳಿ. ಇದನ್ನೇ ಇಡೋದಾದ್ರೆ ಗೋಡೆ ಇದರ ಮಾತು ಕೇಳ್ಬೇಕು" ಅಂದರು.

ಆ ಮಾತಿನ ಮೇಲೆ ನಕ್ಷೆಯನ್ನು ಪಕ್ಕಕ್ಕಿಟ್ಟೆವು. ಮೊದಲು ಇದ್ದದ್ದನ್ನೆಲ್ಲ ಅಳೆದೆವು. ಹನ್ನೊಂದು ಕಿಟಕಿ, ಎರಡು ಒಂದೇ ಅಳತೆಯವಿಲ್ಲ. ಆರು ಕಂಬ, ಎಲ್ಲ ಒಂದೇ ಮನೆಯವು. ಹದಿನಾಲ್ಕು ಅಡಿಯ ನಾಲ್ಕು ತೊಲೆ, ಹನ್ನೊಂದು ಅಡಿಯ ಏಳು. ತೊಲೆಯ ಉದ್ದವೇ ಕೋಣೆಯ ಅಗಲವಾಯಿತು. ಆರು ಕಂಬ ಇದ್ದುದಕ್ಕೆ ಜಗಲಿ ಬಂತು. ಎತ್ತರದ ಕಿಟಕಿ ಅಡುಗೆ ಮನೆಗೆ ಹೋಯಿತು, ಹೊಗೆ ಹೋಗಲಿ ಅಂತ. ಎಲ್ಲ ಪಟ್ಟಿ ಆದ ಮೇಲೆ ಎಂಜಿನಿಯರ್ ಬಂದು ಗೋಡೆಯ ದಪ್ಪ, ಮಾಡಿನ ಭಾರ ನೋಡಿ ನಕ್ಷೆ ಬರೆದರು. ಈ ಕೊನೆಯ ಹೆಜ್ಜೆ ತಪ್ಪಿಸಬೇಡಿ. ಕಣ್ಣಂದಾಜಿನಲ್ಲಿ ಭಾರದ ಲೆಕ್ಕ ಆಗುವುದಿಲ್ಲ.

ಆ ಬಾಗಿಲನ್ನು ಇದ್ದ ಹಾಗೇ ಇಟ್ಟಿದ್ದೇವೆ. ಬಂದವರು ಬಗ್ಗಿ ಬರುತ್ತಾರೆ.

ಬೇರೆಯವರ ಮನೆ ಬಾಗಿಲು, ಹೊಸ್ತಿಲು ತಂದರೆ ದೋಷ ಅಲ್ವಾ?

ನಮ್ಮತ್ತೆಯೂ ಇದನ್ನೇ ಕೇಳಿದ್ದರು. ಹೊಸ್ತಿಲು ಅಂದರೆ ಒಂದು ಮನೆತನದ ಲಕ್ಷ್ಮಿ ಇದ್ದ ಹಾಗೆ, ಅದನ್ನು ಕಿತ್ತು ತಂದರೆ ಒಳ್ಳೆಯದಾಗುತ್ತಾ ಅನ್ನುವುದು ಅವರ ಚಿಂತೆ. ಅದನ್ನು ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. ಬಾಗಿಲಿನ ಮನೆಯ ಹಿರಿ ಸೊಸೆಯ ಹತ್ತಿರವೇ ಹೋಗಿ ಕೇಳಿದೆವು. "ಸೌದೆ ಒಲೆಗೆ ಹೋಗೋದನ್ನ ನೀವು ದೀಪ ಹಚ್ಚೋ ಜಾಗಕ್ಕೆ ಇಡ್ತೀರಿ, ಇದಕ್ಕಿಂತ ಏನು ಬೇಕು" ಅಂದರು. ಗೃಹಪ್ರವೇಶದ ದಿನ ಮೊದಲ ಅರಿಶಿನ ಕುಂಕುಮ ಹಚ್ಚಿದ್ದು ಅವರೇ. ಹಚ್ಚಿ ಸ್ವಲ್ಪ ಹೊತ್ತು ಅಲ್ಲೇ ಕೂತರು. ಆಮೇಲೆ ಅತ್ತೆ ಮತ್ತೆ ಆ ಮಾತು ಎತ್ತಲಿಲ್ಲ.

ಕೊಟ್ಟವರ ಒಪ್ಪಿಗೆ ಇರಬೇಕು. ಪಾಲಿನ ಜಗಳ ನಡೆಯುತ್ತಿರುವ ಮನೆಯಿಂದ ಒಂದು ಹಂಚನ್ನೂ ತರಬೇಡಿ.

ಸಾಮಾನು ಎಲ್ಲಿ ಸಿಗುತ್ತದೆ?

ಕೆಡವುವ ಮನೆಯ ಸುದ್ದಿ ಮೊದಲು ಗೊತ್ತಾಗುವುದು ಗುಜರಿಯವರಿಗೆ, ಜೆಸಿಬಿ ಓಡಿಸುವವರಿಗೆ, ಗಾರೆ ಮೇಸ್ತ್ರಿಗಳಿಗೆ. ಅವರಿಗೆ ಹೇಳಿಟ್ಟಿರಿ. ತೋಟದ ಆಳುಗಳಿದ್ದ ಹಳೆ ಲೈನ್ ಮನೆ, ಕಾಫಿ ಗೋದಾಮು ಕಿತ್ತು ಹೊಸದು ಕಟ್ಟುವಾಗಲೂ ಒಳ್ಳೆ ಹಂಚು, ಕಲ್ಲು ಸಿಗುತ್ತವೆ. ಹಾಸನ, ಚಿಕ್ಕಮಗಳೂರಿನಲ್ಲಿ ಹಳೆ ಬಾಗಿಲು ಕಿಟಕಿ ಮಾರುವ ಅಂಗಡಿಗಳಿವೆ, ಆದರೆ ಅಲ್ಲಿ ಬೆಲೆ ಜಾಸ್ತಿ.

ಸಾಧ್ಯವಾದರೆ ಕೆಡವುವ ಮುಂಚೆಯೇ ಹೋಗಿ. ಜೆಸಿಬಿ ಬಿದ್ದ ಮೇಲೆ ಉಳಿಯುವುದು ಚೂರು. ಕೈಯಲ್ಲಿ ಬಿಚ್ಚಿದರೆ ಮಾತ್ರ ಹಂಚು ಹಂಚಾಗಿ, ತೊಲೆ ತೊಲೆಯಾಗಿ ಬರುತ್ತದೆ. ನಾವು ಬಿಚ್ಚುವಾಗ ಕಂಬ, ಬೋದಿಗೆ (ಕಂಬದ ತಲೆಯ ಮೇಲೆ ಕೂತು ತೊಲೆ ಹೊರುವ ಮರ), ತೊಲೆ ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ನಂಬರು ಬರೆದು ಫೋಟೋ ತೆಗೆದುಕೊಂಡೆವು. ಹಳೆಯ ಕೆಲಸದಲ್ಲಿ ಮೊಳೆ ಇಲ್ಲ, ಮರಕ್ಕೆ ಮರ ಕೂರಿಸಿರುತ್ತಾರೆ. ಯಾವ ತೂತಿಗೆ ಯಾವ ತುದಿ ಅನ್ನುವುದು ಮರೆತರೆ ಮತ್ತೆ ಕೂರಿಸಲು ವಾರಗಟ್ಟಲೆ ಬೇಕು.

ಮರ ಸಾಗಿಸುವಾಗ ಎಚ್ಚರ. ಬೀಟೆ, ತೇಗದಂಥ ಮರಕ್ಕೆ ಅರಣ್ಯ ಇಲಾಖೆಯ ನಿಯಮ ಬಿಗಿ. ಹಳೆ ಮರವಾದರೂ ಲಾರಿಗೆ ಏರಿಸುವ ಮುಂಚೆ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ, ಮಾರಿದವರ ಚೀಟಿ, ಕೆಡವಿದ ಮನೆಯ ಫೋಟೋ ಇಟ್ಟುಕೊಳ್ಳಿ.

ಹಳೆ ಹಂಚು ಮತ್ತೆ ಹಾಕಿದರೆ ಸೋರುವುದಿಲ್ವಾ?

ಒಳ್ಳೆಯ ಹಂಚು ಸೋರುವುದಿಲ್ಲ. ನಮ್ಮ ಮಾಡಿನ ಕೆಲವು ಹಂಚುಗಳ ಹಿಂಬದಿ ಬಾಸೆಲ್ ಮಿಷನ್ ಮುದ್ರೆ ಇದೆ. ಜರ್ಮನಿ, ಸ್ವಿಟ್ಜರ್ಲೆಂಡಿನಿಂದ ಬಂದ ಆ ಮಿಷನರಿಗಳು 1860ರ ದಶಕದಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ, ಗುರುಪುರ ಹೊಳೆಗಳ ಜೇಡಿಮಣ್ಣು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಘಟ್ಟದ ಕೆಳಗೆ ಸುಟ್ಟ ಹಂಚು ಘಟ್ಟ ಹತ್ತಿ ನಮ್ಮ ಮನೆಗಳ ಮೇಲೆ ಕೂತಿತು. ಮಳೆಯಲ್ಲಿ ಅಷ್ಟು ವರ್ಷ ನಿಂತ ಹಂಚನ್ನು ಹಳೆಯದು ಅಂತ ಎಸೆಯುವುದು ನನಗೆ ಅರ್ಥವೇ ಆಗುವುದಿಲ್ಲ.

ಹಂಚನ್ನು ಹೀಗೆ ಪರೀಕ್ಷಿಸಿ. ಒಂದು ಕೈಯಲ್ಲಿ ತೂಗಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಅಂದರೆ ಗಟ್ಟಿ. ದಪ್ ಅಂದರೆ ಒಳಗೆ ಬಿರುಕಿದೆ. ಹಿಂದಿನ ಕೊಕ್ಕೆ ಮುರಿದಿರಬಾರದು, ಅದೇ ರೀಪನ್ನು ಹಿಡಿದುಕೊಳ್ಳುವುದು. ಪಾಚಿಯನ್ನು ತೆಂಗಿನ ನಾರು, ನೀರಿನಲ್ಲಿ ಉಜ್ಜಿ. ಕಬ್ಬಿಣದ ಬ್ರಷ್ ಹಾಕಿದರೆ ಮೇಲ್ಮೈ ಕೆರೆದು ನೀರು ಹೀರಲು ಶುರುವಾಗುತ್ತದೆ. ಒಂದೇ ಕಾರ್ಖಾನೆಯ ಹಂಚನ್ನು ಒಂದೇ ಇಳಿಜಾರಿಗೆ ಹಾಕಿ. ಬೇರೆ ಬೇರೆ ಕಾರ್ಖಾನೆಯವು ಒಂದರೊಳಗೊಂದು ಸರಿಯಾಗಿ ಕೂರುವುದಿಲ್ಲ, ಸೋರುವುದು ಆ ಸಂದಿನಿಂದಲೇ. ನೂರು ಚದರಡಿಗೆ ಸುಮಾರು 140 ಹಂಚು ಲೆಕ್ಕ ಹಾಕಿ, ಮೇಲೆ ನೂರಕ್ಕೆ ಹತ್ತು ಜಾಸ್ತಿ ಇಟ್ಟುಕೊಳ್ಳಿ.

ಒಮ್ಮೆ ನಾವು ಒಬ್ಬ ವ್ಯಾಪಾರಿಯಿಂದ ನೋಡದೇ ಒಂದು ಲೋಡ್ ಹಂಚು ತರಿಸಿದೆವು. ಮೇಲಿನ ಎರಡು ಸಾಲು ಒಳ್ಳೆಯದು, ಕೆಳಗೆ ಬಿರುಕಿನದ್ದು. ದುಡ್ಡು ವಾಪಸ್ ಬರಲಿಲ್ಲ. ಬೇಜಾರಾಯಿತು, ಆದರೆ ಆ ಹಂಚು ದಂಡವಾಗಲಿಲ್ಲ. ಬಚ್ಚಲು ಮನೆಯ ಮೇಲೆ ನೀರಿನ ಟ್ಯಾಂಕ್ ಇಡಲು ಸಣ್ಣ ತಾರಸಿ ಬೇಕಿತ್ತು. ತಾರಸಿಯ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ, ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆ ಜಾಗದಲ್ಲಿ ಕಬ್ಬಿಣದ ಸರಳುಗಳ ನಡುವೆ ಹಂಚು ಇಟ್ಟು ಮೇಲೆ ಕಾಂಕ್ರೀಟ್ ಹಾಕಿದರೆ ಸಿಮೆಂಟ್ ಉಳಿಯುತ್ತದೆ, ತೂಕವೂ ಕಡಿಮೆಯಾಗುತ್ತದೆ. ಇದನ್ನು ಕೇರಳದಲ್ಲಿ ಮನೆಮಾತಾಗಿಸಿದವರು ಲಾರಿ ಬೇಕರ್. ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿ, ಇಲ್ಲಿಯವರೇ ಆಗಿ, ಬಡವರಿಗೆ ಕಡಿಮೆ ಖರ್ಚಿನ ಮನೆ ಕಟ್ಟಿಕೊಟ್ಟವರು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವ ಗೋಡೆಯನ್ನೂ ಇಲ್ಲಿ ಜನಪ್ರಿಯ ಮಾಡಿದವರು ಅವರೇ. ಅದರಲ್ಲಿ ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ. ನಮ್ಮ ಅಡುಗೆ ಮನೆಯ ಒಂದು ಗೋಡೆ ಹಾಗೆ ಕಟ್ಟಿದ್ದು, ಹಳೆ ಇಟ್ಟಿಗೆಯಲ್ಲಿ.

ಮಣ್ಣಿನ ಗೋಡೆ ಮಲೆನಾಡಿನ ಮಳೆಗೆ ಕರಗುವುದಿಲ್ವಾ?

ಬಯಲುಸೀಮೆಯ ಕಡೂರಿನವರು ಇದನ್ನು ಕೇಳಿದರೆ ಒಂದು ಉತ್ತರ, ಮೂಡಿಗೆರೆಯವರು ಕೇಳಿದರೆ ಇನ್ನೊಂದು. ಜಿಲ್ಲೆ ಒಂದೇ, ಆಕಾಶ ಬೇರೆ. ನಮ್ಮ ಕಡೆ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರೆ. ನಮ್ಮ ಡೈರಿಯಲ್ಲಿ ನೂರು ಇಂಚು ದಾಟಿದ ವರ್ಷಗಳು ಎಷ್ಟೋ ಇವೆ.

ಮಣ್ಣಿನ ಗೋಡೆಗೆ ಬೂಟು ಬೇಕು, ಟೋಪಿ ಬೇಕು. ಬೂಟು ಅಂದರೆ ಕಲ್ಲಿನ ಪಾಯ. ನಮ್ಮದು ನೆಲದಿಂದ ಮೂರಡಿ ಎತ್ತರ, ಕೆಡವಿದ ಕಾಫಿ ಗೋದಾಮಿನ ಕಲ್ಲು. ಅಂಗಳಕ್ಕೆ ಬಿದ್ದ ಹನಿ ಸಿಡಿದು ಮಣ್ಣಿಗೆ ತಾಗಬಾರದು. ಟೋಪಿ ಅಂದರೆ ಸೂರು. ಗೋಡೆಯಿಂದ ಮೂರೂವರೆ ಅಡಿ ಮುಂದೆ ಬಂದಿದೆ. ಪಶ್ಚಿಮದ ಗಾಳಿಮಳೆ ಬಡಿಯುವ ಬದಿಗೆ ಜಗಲಿ ಇಟ್ಟಿದ್ದೇವೆ. ಮಳೆ ಜಗಲಿಯಲ್ಲೇ ಸುಸ್ತಾಗುತ್ತದೆ, ಗೋಡೆ ಮುಟ್ಟುವುದಿಲ್ಲ.

ಗೋಡೆಗೆ ಹಸಿ ಮಣ್ಣಿನ ಮುದ್ದೆ ಹಾಕಲಿಲ್ಲ. ಮಣ್ಣಿಗೆ ನೂರಕ್ಕೆ ಏಳೆಂಟು ಭಾಗ ಸಿಮೆಂಟ್ ಸೇರಿಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಇಟ್ಟಿಗೆ ಮಾಡಿಕೊಂಡೆವು. ಸುಡುವುದು ಬೇಡ, ಒಂದು ಕಡ್ಡಿ ಸೌದೆ ಬೇಡ. ಮೂರು ವಾರ ಒದ್ದೆ ಗೋಣಿ ಹೊದಿಸಿ ಇಡಬೇಕು ಅಷ್ಟೇ. ಈ ಇಟ್ಟಿಗೆಯ ಮೇಲೆ ತುಂಬಾ ಕೆಲಸ ಮಾಡಿದವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೇ. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಅಲ್ಲಿ 'ಅಸ್ತ್ರ' ಅನ್ನುವ ವಿಭಾಗ ಶುರುವಾಯಿತು. ತೋಟದ ಮೇಲುಮಣ್ಣು ಇದಕ್ಕೆ ಬರುವುದಿಲ್ಲ, ಎಲೆ ಕೊಳೆತ ಸಾರ ಇರುತ್ತದೆ. ಎರಡಡಿ ಕೆಳಗಿನ ಕೆಮ್ಮಣ್ಣು ಬೇಕು, ಅಂಟು ಜಾಸ್ತಿ ಇದ್ದರೆ ಮರಳು ಬೆರೆಸಬೇಕು.

ಒಳಗೋಡೆಗೆ ಸುಣ್ಣದ ಗಾರೆ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಕಲಸಿದೆವು. ಸುಣ್ಣ ಗಾಳಿ ಕುಡಿದು ನಿಧಾನವಾಗಿ ಗಟ್ಟಿಯಾಗುತ್ತದೆ, ಅವಸರ ಮಾಡುವವರಿಗೆ ಅದು ಆಗದು.

ಟೋಪಿಯ ಬೆಲೆ ಗೊತ್ತಾಗಬೇಕಾದರೆ ಹಾಸನದ ಹತ್ತಿರ ಶೆಟ್ಟಿಹಳ್ಳಿಯ ಚರ್ಚು ನೋಡಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಖಾಲಿಯಾಯಿತು, ಮಾಡು ಹೋಯಿತು, ಪ್ರತಿ ಮಳೆಗಾಲ ನೀರು ಒಳಗೆ ನುಗ್ಗುತ್ತದೆ. ಆದರೂ ಅಷ್ಟು ವರ್ಷ ಗೋಡೆ ನಿಂತಿತು. ಈಗ ಒಂದೊಂದೇ ಭಾಗ ಕುಸಿಯುತ್ತಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲ ಮಳೆಗಾಲ ಹೇಗಿತ್ತು?

ಸೋರಿತು. ಎರಡು ಮಾಡು ಸೇರುವ ಮೂಲೆಯಲ್ಲಿ ತಗಡಿನ ದಂಬೆ, ಅಂದರೆ ನೀರು ಹರಿಯುವ ದೋಣಿ, ಕಿರಿದಾಗಿತ್ತು. ಜುಲೈನ ಒಂದು ರಾತ್ರಿ ನೀರು ಉಕ್ಕಿ ಒಳಗೋಡೆ ಮೇಲೆ ಇಳಿಯಿತು. ಬೆಳಗಾಗುವವರೆಗೆ ಕೊಳಗ, ಬಕೆಟ್ ಇಟ್ಟುಕೊಂಡು ಕೂತಿದ್ದೆವು. ಮಳೆ ನಿಂತ ಮೇಲೆ ದಂಬೆಯನ್ನು ಅಗಲ ಮಾಡಿಸಿದೆವು. ಈಗ ತೊಂದರೆ ಇಲ್ಲ, ಆದರೆ ಮೇ ತಿಂಗಳಲ್ಲಿ ಸಿಲ್ವರ್ ಓಕ್ ಮರದ ಎಲೆ ಗುಡಿಸಿ ತೆಗೆಯಲೇಬೇಕು. ನೀವು ಕಟ್ಟುವುದಾದರೆ ಮಾಡು ಸಾಧ್ಯವಾದಷ್ಟು ನೇರವಾಗಿರಲಿ. ಮೂಲೆ ಜಾಸ್ತಿಯಾದಷ್ಟೂ ಸೋರುವ ಜಾಗ ಜಾಸ್ತಿ.

ಬಾಟಲಿ ಗೋಡೆ ಗಟ್ಟಿಯಾ?

ಭಾರ ಹೊರುವಷ್ಟು ಗಟ್ಟಿಯಲ್ಲ. ನಮ್ಮದು ಬಚ್ಚಲು ಮನೆಯ ಒಂದು ಬದಿಯಲ್ಲಿ ಮಾತ್ರ ಇದೆ, ಅದರ ಮೇಲೆ ತೊಲೆ ಕೂತಿಲ್ಲ. ಎರಡು ಬಾಟಲಿಯ ಕತ್ತು ಕತ್ತರಿಸಿ, ಬುಡ ಎರಡೂ ಹೊರಗೆ ಬರುವ ಹಾಗೆ ಜೋಡಿಸಿ, ಸಂದಿಗೆ ಟೇಪು ಸುತ್ತಿ, ಇಟ್ಟಿಗೆಯ ಹಾಗೆ ಗಾರೆಯಲ್ಲಿ ಕೂರಿಸುವುದು. ಒಳಗೆ ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ಹಬೆ ಕಟ್ಟಿ ಪಾಚಿ ಬರುತ್ತದೆ. ಬೆಳಗ್ಗೆ ಏಳೂವರೆಗೆ ಬಿಸಿಲು ಬಿದ್ದಾಗ ಹಸಿರು, ಕಂದು ಬೆಳಕು ಹಂಡೆಯ ನೀರಿನ ಮೇಲೆ ಬೀಳುತ್ತದೆ. ಮಕ್ಕಳು ಸ್ನಾನಕ್ಕೆ ಅಳುವುದು ನಿಂತಿದೆ.

ಟೈರಿನಲ್ಲಿ ಮನೆ ಕಟ್ಟುತ್ತಾರಲ್ಲ, ಅದನ್ನು ಯಾಕೆ ಮಾಡಲಿಲ್ಲ?

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಮೈಕೆಲ್ ರೆನಾಲ್ಡ್ಸ್ ಎಂಬ ವಾಸ್ತುಶಿಲ್ಪಿ 1970ರ ದಶಕದಿಂದ ಹಾಗೆ ಕಟ್ಟುತ್ತಾ ಬಂದಿದ್ದಾರೆ. ಹಳೆ ಟೈರಿಗೆ ಮಣ್ಣು ಬಡಿದು ತುಂಬಿ ದಪ್ಪ ಗೋಡೆ ಮಾಡುತ್ತಾರೆ. ಡಬ್ಬಿ, ಬಾಟಲಿಯನ್ನು ಒಳಗೋಡೆಗೆ ಬಳಸುತ್ತಾರೆ. ಅವರ ಕೆಲಸದ ಮೇಲೆ ನನಗೆ ದೊಡ್ಡ ಗೌರವ ಇದೆ. ಆದರೆ ಅದು ಒಣ ಸೀಮೆ. ಹಗಲು ಬಿಸಿಲನ್ನು ಹೀರಿ ರಾತ್ರಿ ಬೆಚ್ಚಗೆ ಇಡುವ ಗೋಡೆ ಅಲ್ಲಿ ಬೇಕು. ನಮಗೆ ಬೇಕಾದದ್ದು ಥಂಡಿ ಹೋಗಿ ಗಾಳಿಯಾಡುವ ಮನೆ. ನೆಲಕ್ಕೆ ಒತ್ತಿ ಕಟ್ಟಿದ ಟೈರಿನ ಗೋಡೆ ಇಲ್ಲಿ ಮೂರು ತಿಂಗಳು ಒದ್ದೆಯಾಗಿರುತ್ತದೆ. ಕೂಡಿಟ್ಟ ಟೈರಿನಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆ ಬೇರೆ. ಒಂದು ನಾಡಿನ ಒಳ್ಳೆ ಮನೆಯನ್ನು ಎತ್ತಿಕೊಂಡು ಇನ್ನೊಂದು ನಾಡಿನಲ್ಲಿ ಇಡಲು ಆಗುವುದಿಲ್ಲ.

ನಮಗೆ ನಿಜವಾಗಿ ಧೈರ್ಯ ಕೊಟ್ಟವರು ಚಂಡೀಗಢದ ನೇಕ್ ಚಂದ್. ಸರ್ಕಾರಿ ರಸ್ತೆ ಇನ್‌ಸ್ಪೆಕ್ಟರ್. ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಚೂರುಗಳನ್ನು ಸೈಕಲ್ಲಿನಲ್ಲಿ ಹೊತ್ತು ತಂದು, 1957ರಿಂದ ಕಾಡಿನ ನಡುವೆ ಗುಟ್ಟಾಗಿ ಒಂದು ಲೋಕವನ್ನೇ ಕಟ್ಟಿದರು. ಅದು ಬೆಳಕಿಗೆ ಬಂದಾಗ ಹದಿನೆಂಟು ವರ್ಷ ಕಳೆದಿತ್ತು. ಈಗ ಅದೇ ರಾಕ್ ಗಾರ್ಡನ್.

ಹಳೆ ಮರದಲ್ಲಿ ಗೆದ್ದಲು, ಕುಟ್ಟೆ ಇರುವುದಿಲ್ವಾ?

ಇರುತ್ತದೆ. ನಮ್ಮ ಒಂದು ಕಿಟಕಿ ಚೌಕಟ್ಟಿನ ಜೊತೆ ಮರ ಕೊರೆಯುವ ಕುಟ್ಟೆ ಹುಳ ಬಂದಿತ್ತು. ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಾಗಲೇ ಗೊತ್ತಾಗಿದ್ದು. ಆ ಚೌಕಟ್ಟನ್ನು ಬಿಟ್ಟುಬಿಟ್ಟೆವು. ಆಮೇಲೆ ಬಂದ ಮರವನ್ನೆಲ್ಲ ತಿಂಗಳುಗಟ್ಟಲೆ ಬೇರೆ ಕಡೆ ಇಟ್ಟು, ಬಿಸಿಲು ಕಾಣಿಸಿ, ಸುತ್ತಿಗೆಯಿಂದ ತಟ್ಟಿ ನೋಡಿಯೇ ಒಳಗೆ ತಂದೆವು. ಕೆಚ್ಚು ಬಲಿತ ಹಲಸು, ಹೊನ್ನೆ, ತೇಗ ತಡೆಯುತ್ತವೆ. ಹೊರಗಿನ ಬಿಳಿ ಭಾಗ ಕೆತ್ತಿ ತೆಗೆಯಿರಿ. ಗೋಡೆಯೊಳಗೆ ಕೂರುವ ತುದಿಗಳಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದಿದ್ದೇವೆ. ಕೈಗೆ ತಾಗಿದರೆ ಸುಡುತ್ತದೆ, ಗ್ಲೌಸ್ ಹಾಕಿಕೊಳ್ಳಿ.

ಯಾವ ಹಳೆ ಸಾಮಾನು ತರಲೇಬಾರದು?

ಆಸ್‌ಬೆಸ್ಟಾಸ್ ಶೀಟು. ಸುಮ್ನೆ ಕೊಟ್ಟರೂ ಬೇಡ. ಕತ್ತರಿಸಿದಾಗ, ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ, ಕ್ಯಾನ್ಸರಿಗೂ ಕಾರಣವಾಗುತ್ತದೆ.

ಹಳೆ ಬಣ್ಣದ ವಿಷಯದಲ್ಲಿ ತಾಯಂದಿರು ಗಮನ ಕೊಡಿ. ಹಿಂದಿನ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ದಾಟಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಾಗಿಲನ್ನು ಒಣದಾಗಿ ಮರಳು ಕಾಗದದಲ್ಲಿ ಉಜ್ಜಬೇಡಿ, ಬಣ್ಣವನ್ನು ಬೆಂಕಿಯಲ್ಲಿ ಸುಡಬೇಡಿ. ನೀರು ಹಾಕಿಕೊಂಡು, ಮಾಸ್ಕ್ ಹಾಕಿಕೊಂಡು, ಮಕ್ಕಳನ್ನು ದೂರ ಕಳಿಸಿ ಕೆರೆಯಿರಿ. ಕೆರೆದದ್ದನ್ನು ಗಿಡದ ಬುಡಕ್ಕೆ ಎಸೆಯಬೇಡಿ. ಮಕ್ಕಳ ಮೆದುಳಿಗೆ ಸೀಸ ಮಾಡುವ ಹಾನಿ ಸರಿಯಾಗುವುದಿಲ್ಲ.

ಹಳೆ ವೈರು, ಸ್ವಿಚ್ಚು, ತುಕ್ಕು ತಿಂದ ಕಂಬಿ, ಇವೂ ಬೇಡ.

ಖರ್ಚು ಕಡಿಮೆ ಆಯಿತಾ?

ಸಾಮಾನಿಗೆ ಕಡಿಮೆ, ಕೂಲಿಗೆ ಜಾಸ್ತಿ. ನಮ್ಮ ಲೆಕ್ಕದಲ್ಲಿ ನೂರು ರೂಪಾಯಿಯಲ್ಲಿ ಅರವತ್ತಕ್ಕಿಂತ ಮೇಲೆ ಕೂಲಿಗೇ ಹೋಗಿದೆ. ಹೊಸ ಕಿಟಕಿ ಅರ್ಧ ದಿನದಲ್ಲಿ ಕೂರುತ್ತದೆ, ಹಳೆಯದಕ್ಕೆ ಎರಡು ಮೂರು ದಿನ ಬೇಕು. ಬರೀ ದುಡ್ಡು ಉಳಿಸಲು ಈ ದಾರಿ ಹಿಡಿಯುವವರಿಗೆ ನಾನು ಬೇಡ ಅನ್ನುತ್ತೇನೆ. ಆದರೆ ಆ ದುಡ್ಡು ಹೋದದ್ದು ನಮ್ಮೂರಿನ ಕೈಗಳಿಗೆ. ಆಚಾರ್ರಿಗೆ ಎಪ್ಪತ್ತು ದಾಟಿದೆ. ಬೋದಿಗೆ ಕೂರಿಸುವ ಕೆಲಸ ಕೇಳಿ ಯಾರೂ ಬರದೇ ಎಷ್ಟೋ ವರ್ಷ ಆಗಿತ್ತಂತೆ. ಅವರ ಮೊಮ್ಮಗ ಪಕ್ಕದಲ್ಲಿ ನಿಂತು ಕಲಿತ. ಈಗ ಅವನೇ ಎರಡು ಮನೆ ಒಪ್ಪಿಕೊಂಡಿದ್ದಾನೆ.

ಪರವಾನಗಿ, ಸಾಲ?

ಎಲ್ಲ ಮನೆಯ ಹಾಗೇ. ಗ್ರಾಮ ಪಂಚಾಯಿತಿಯ ಪರವಾನಗಿ ಬೇಕು. ನಿವೇಶನವಾದರೆ ಇ-ಸ್ವತ್ತು (ಪಂಚಾಯಿತಿಯ ಆಸ್ತಿ ದಾಖಲೆ) ನಮೂನೆ 9 ಮತ್ತು 11 ಸರಿ ಇರಲಿ. ಕೃಷಿ ಜಮೀನಾದರೆ ಮೊದಲು ತಾಲೂಕು ಕಚೇರಿಯಲ್ಲಿ ವಿಚಾರಿಸಿ. ಬ್ಯಾಂಕಿನವರು ಎಂಜಿನಿಯರ್ ಅಂದಾಜು ಪಟ್ಟಿ ಕೇಳುತ್ತಾರೆ, ಹಳೆ ಸಾಮಾನಿಗೆ ಬೆಲೆ ಕಟ್ಟುವುದು ಅವರಿಗೆ ಕಷ್ಟ. ನಾವು ಸಾಲ ಮಾಡಲಿಲ್ಲ, ಮೂರು ಬೇಸಿಗೆ ಹಿಡಿದದ್ದಕ್ಕೆ ಅದೂ ಒಂದು ಕಾರಣ.

ಜಾಗದ ಬಗ್ಗೆ ಮಾತ್ರ ಒಂದು ಮಾತು. ಗುಡ್ಡ ಕಡಿದು ಮಟ್ಟ ಮಾಡಬೇಡಿ. 2019ರ ಆಗಸ್ಟಿನಲ್ಲಿ ನಮ್ಮ ತಾಲೂಕಿನಲ್ಲಿ ಗುಡ್ಡ ಜರಿದು ತೋಟ, ಮನೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇವೆ. ನಮ್ಮ ಮನೆ ಇಳಿಜಾರಿಗೆ ತಕ್ಕ ಹಾಗೆ ಎರಡು ಮಟ್ಟದಲ್ಲಿದೆ, ನಡುವೆ ನಾಲ್ಕು ಮೆಟ್ಟಿಲು.

ಬಂದು ನೋಡಬಹುದಾ?

ಬನ್ನಿ. ಹಿಂದಿನ ದಿನ ಒಂದು ಫೋನ್ ಮಾಡಿ. ಎಲ್ಲರೂ ದೀಪಾವಳಿ ಕಳೆದ ಮೇಲೆ, ರಸ್ತೆ ಒಣಗಿದಾಗ ಬರುತ್ತಾರೆ. ಕಟ್ಟುವ ಮನಸ್ಸಿದ್ದವರು ಜುಲೈಯಲ್ಲಿ ಬನ್ನಿ, ಮಳೆ ಹೊಡೆಯುವಾಗ. ಸೂರಿನ ನೀರು ಎಲ್ಲಿ ಬೀಳುತ್ತದೆ, ಗೋಡೆಯ ಬುಡ ಒಣಗಿದೆಯಾ, ಮೂಲೆಯ ದಂಬೆ ತಡೆಯುತ್ತಾ, ಎಲ್ಲ ನೀವೇ ಮುಟ್ಟಿ ನೋಡಬಹುದು. ಕೊಡೆಯನ್ನು ಜಗಲಿಯಲ್ಲಿ ಬಿಟ್ಟು ಒಳಗೆ ಬನ್ನಿ, ಬಾಗಿಲ ಹತ್ತಿರ ತಲೆ ನೋಡಿಕೊಳ್ಳಿ. ಕಾಫಿ ನಮ್ಮ ತೋಟದ್ದೇ.